ನಕ್ಷತ್ರದ ಕಬ್ಬಿಣವನ್ನು ನೋಡಿ ಬಂದವರು ಯಾರು?



ಹೆಣ್ಣುಮಕ್ಕಳ ರಕ್ತಹೀನತೆಯ ಕುರಿತು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ನಮ್ಮ ರಕ್ತದಲ್ಲಿರುವ ಕಬ್ಬಿಣ ಈ ಭೂಮಿಯಲ್ಲಿ ತಯಾರಾದದ್ದಲ್ಲ, ಎಂದೋ ಸತ್ತುಹೋದ ನಕ್ಷತ್ರಗಳಲ್ಲಿ ತಯಾರಾದದ್ದು. ರಾಗಿ, ಸೊಪ್ಪು, ಬೆಲ್ಲ, ಮಾತ್ರೆಗಳ ವಿಷಯ ಓದಿದ ಹೆಚ್ಚಿನವರು ಆ ಸಾಲನ್ನು ದಾಟಿಕೊಂಡು ಹೋದರು. ನಮ್ಮ ತಾಯಲೂರು ಕಡೆಯ ಒಬ್ಬ ಸಹೋದರಿ ಮಾತ್ರ ಅಲ್ಲೇ ನಿಂತರು. ಅವರ ಪತ್ರ ಇಷ್ಟು: "ಮೇಷ್ಟ್ರೇ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮುಂದೆ ಸೈನ್ಸೇ ತೊಗೋತೀನಿ ಅಂತಾಳೆ. ನೀವು ಬರೆದದ್ದನ್ನು ಅವಳು ಅವರ ಅಬ್ಬಾಗೆ ಓದಿ ಹೇಳಿದಳು. 'ಅಲ್ಲಿಗೆ ಹೋಗಿ ಕಬ್ಬಿಣ ನೋಡಿ ಬಂದವರು ಯಾರು? ಇಂಥ ಊಹೆ ಕಲಿಯೋದಕ್ಕಾ ನಿನ್ನನ್ನು ದಿನಾ ಬಸ್ ಹತ್ತಿಸಿ ಮುಳಬಾಗಿಲಿಗೆ ಕಳಿಸಬೇಕು?' ಅಂದರು. ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ."

ಆ ಯಜಮಾನರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕಣ್ಣಿಗೆ ಕಾಣದ ಸಂಗತಿಯನ್ನು ಯಾರಾದರೂ ಹೇಳಿದಾಗ ಸಾಕ್ಷಿ ಕೇಳುವುದು ಒಳ್ಳೆಯ ಅಭ್ಯಾಸ. ಆದ್ದರಿಂದ ಈ ತಿಂಗಳು ಸಾಕ್ಷಿಯನ್ನೇ ನಿಮ್ಮ ಮುಂದೆ ಇಡುತ್ತೇನೆ. ಅದರಲ್ಲಿ ಒಂದು ಸಾಕ್ಷಿ ನುಡಿದ ಉಪಕರಣ ತಯಾರಾದದ್ದು ನಮ್ಮೂರಿನಿಂದ ನೂರು ಚಿಲ್ಲರೆ ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ.

ಮೊದಲು ನಿಮ್ಮ ಅಡುಗೆಮನೆಗೇ ಬರೋಣ. ಅನ್ನದ ಪಾತ್ರೆ ಉಕ್ಕಿ ಉಪ್ಪುಗಂಜಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ನೀವು ಎಷ್ಟು ಸಲ ನೋಡಿಲ್ಲ? ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ತಾಮ್ರದ ಲವಣವನ್ನು ಉರಿಗೆ ಹಿಡಿದರೆ ಹಸಿರು ಬರುತ್ತದೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಉರಿಗೆ ಇಟ್ಟಿಗೆ ಕೆಂಪು ಬಣ್ಣ ಕೊಡುತ್ತದೆ, ನಮ್ಮ ಮಾಲೂರಿನ ಇಟ್ಟಿಗೆಯದೇ ಬಣ್ಣ. ಪಿಯುಸಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮಕ್ಕಳು ಹೀಗೆಯೇ ಉರಿಯ ಬಣ್ಣ ನೋಡಿ, ಕೊಟ್ಟ ಲವಣ ಯಾವುದೆಂದು ಗುರುತಿಸುತ್ತಾರೆ.

ಹೀಗೇಕೆ ಆಗುತ್ತದೆ? ಪ್ರತಿಯೊಂದು ಧಾತುವಿನ ಪರಮಾಣುವಿನಲ್ಲೂ ಎಲೆಕ್ಟ್ರಾನುಗಳು ಕೂರಲು ಮೆಟ್ಟಿಲುಗಳಿವೆ. ಬಿಸಿ ತಾಗಿದಾಗ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ, ಮರಳಿ ಇಳಿಯುವಾಗ ಬೆಳಕು ಬಿಡುತ್ತದೆ. ಮೆಟ್ಟಿಲುಗಳ ಎತ್ತರ ಒಂದೊಂದು ಧಾತುವಿಗೆ ಒಂದೊಂದು ರೀತಿ. ಹಾಗಾಗಿ ಹೊರಬರುವ ಬೆಳಕೂ ಬೇರೆ ಬೇರೆ. ಬೆಳಕನ್ನು ಬಿಡಿಸಿ ಹರಡಿದರೆ ಸಿಗುವ ಪಟ್ಟಿಗೆ ನಮ್ಮ ಶಾಲಾ ಪುಸ್ತಕದಲ್ಲಿ ರೋಹಿತ ಎನ್ನುತ್ತಾರೆ. ಅದರಲ್ಲಿ ಒಂದೊಂದು ಧಾತುವೂ ತನ್ನ ಗೆರೆಗಳನ್ನು ಹೆಬ್ಬೆಟ್ಟಿನ ಗುರುತಿನಂತೆ ಬಿಟ್ಟಿರುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಎಂಬ ಇಬ್ಬರು 1859-60ರ ಸುಮಾರಿಗೆ ಈ ವಿದ್ಯೆಯನ್ನು ಗಟ್ಟಿಮಾಡಿದರು.

"ಹೋಗಿ ನೋಡಿದವರು ಯಾರು" ಎಂಬ ಪ್ರಶ್ನೆಗೆ ಅದಾಗಿ ಕೆಲವೇ ವರ್ಷಗಳಲ್ಲಿ ಒಂದು ಉತ್ತರ ಸಿಕ್ಕಿತು. 1868ರ ಆಗಸ್ಟ್ ತಿಂಗಳ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ ಪಕ್ಕದ ಆಂಧ್ರದ ಗುಂಟೂರಿಗೆ ಬಂದಿದ್ದರು. ಅದೇ ವರ್ಷ ಸೂರ್ಯನ ಬೆಳಕಿನಲ್ಲಿ, ಭೂಮಿಯ ಮೇಲೆ ಗೊತ್ತಿದ್ದ ಯಾವ ವಸ್ತುವಿಗೂ ಹೊಂದದ ಒಂದು ಹಳದಿ ಗೆರೆ ಕಂಡುಬಂತು. ಹೊಸ ಧಾತು ಇರಬೇಕೆಂದು ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. 1895ರಲ್ಲಿ ಲಂಡನ್ನಿನಲ್ಲಿ ರ್‍ಯಾಮ್ಸೇ ಒಂದು ಖನಿಜದಿಂದ ಹೊರಡಿಸಿದ ಅನಿಲದಲ್ಲಿ ಅದೇ ಗೆರೆ ಸಿಕ್ಕಿತು. ಸೂರ್ಯನಲ್ಲಿ ಮೊದಲು, ಭೂಮಿಯಲ್ಲಿ ಆಮೇಲೆ! ಯಾರೂ ಸೂರ್ಯನಲ್ಲಿಗೆ ಹೋಗಿರಲಿಲ್ಲ.

ಈಗ ಕಬ್ಬಿಣಕ್ಕೆ ಬರೋಣ. ನಕ್ಷತ್ರವೆಂದರೆ ಒಂದು ದೊಡ್ಡ ಕುಲುಮೆ. ಅದರಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ. ಸೂರ್ಯನಿಗಿಂತ ಬಹಳ ಭಾರವಾದ ನಕ್ಷತ್ರಗಳಲ್ಲಿ ಕೆಲಸ ಅಲ್ಲಿಗೇ ನಿಲ್ಲದು. ಹೀಲಿಯಂನಿಂದ ಇಂಗಾಲ, ಆಮೇಲೆ ಆಮ್ಲಜನಕ, ನಿಯಾನ್, ಮೆಗ್ನೀಸಿಯಂ, ಸಿಲಿಕಾನ್ ಎಂದು ಒಳಗೊಳಗೆ ಈರುಳ್ಳಿಯ ಪದರಗಳಂತೆ ಕೂಡುತ್ತ ಹೋಗುತ್ತದೆ. ಹೈಡ್ರೋಜನ್ ಉರಿಯಲು ಲಕ್ಷಾಂತರ ವರ್ಷ ಹಿಡಿದರೆ, ಕೊನೆಯ ಸಿಲಿಕಾನ್ ಒಂದೆರಡು ದಿನಗಳಲ್ಲಿ ಮುಗಿದುಹೋಗುತ್ತದೆ. ನಡುವೆ ಕಬ್ಬಿಣದ ಗುಂಡು ಕೂತುಬಿಡುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ. ಒಲೆ ಆರಿದಂತೆ. ಒಳಗಿನಿಂದ ತಳ್ಳುವ ಬಲ ಇಲ್ಲದೆ ಆ ಗುಂಡು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಕುಸಿಯುತ್ತದೆ, ಹೊರಗಿನ ಪದರಗಳು ಸಿಡಿದು ಚದುರುತ್ತವೆ. ಇದೇ ಸೂಪರ್‌ನೋವಾ. ಸಿಡಿತದ ಕಾವಿನಲ್ಲಿ ಒಂದು ಬಗೆಯ ನಿಕ್ಕಲ್ ಹುಟ್ಟುತ್ತದೆ. ಅದು ಕೆಲವು ದಿನಗಳಲ್ಲಿ ಕೋಬಾಲ್ಟ್ ಆಗಿ, ಕೆಲವು ತಿಂಗಳುಗಳಲ್ಲಿ ಕಬ್ಬಿಣವಾಗುತ್ತದೆ. ಹೊರಗೆ ಎಸೆಯಲ್ಪಡುವ ಕಬ್ಬಿಣದ ಬಹುಪಾಲು ಹೀಗೆ ಬಂದದ್ದು. (ಬೇರೆ ಬಗೆಯ ಸೂಪರ್‌ನೋವಾಗಳೂ ಇವೆ. ಸತ್ತು ತಣ್ಣಗಾದ ಚಿಕ್ಕ ನಕ್ಷತ್ರಗಳು ಸಿಡಿಯುವಂಥವು. ಕಬ್ಬಿಣದಲ್ಲಿ ಅವುಗಳ ಪಾಲೂ ದೊಡ್ಡದು.)

ಇಂಥ ಸಿಡಿತಗಳನ್ನು ಹಿಂದಿನವರೂ ಕಂಡಿದ್ದರು. ಕ್ರಿ.ಶ. 1006ರಲ್ಲಿ, ಎಂದರೆ ಹಿಜರಿ 396ರಲ್ಲಿ, ಆಕಾಶದಲ್ಲಿ ಶುಕ್ರನಿಗಿಂತ ಎಷ್ಟೋ ಹೆಚ್ಚು ಬೆಳಗುವ ಹೊಸ ನಕ್ಷತ್ರ ಕಾಣಿಸಿಕೊಂಡಿತು. ಆಗ ಇನ್ನೂ ಹುಡುಗನಾಗಿದ್ದ ಈಜಿಪ್ಟಿನ ಅಲೀ ಇಬ್ನ್ ರಿದ್ವಾನ್ ಅದನ್ನು ನೋಡಿ, ಮುಂದೆ ದೊಡ್ಡ ವೈದ್ಯನಾದ ಮೇಲೆ ಬರೆದಿಟ್ಟರು. ಅದು ಆಕಾಶದಲ್ಲಿ ಎಲ್ಲಿತ್ತು, ಶುಕ್ರನಿಗೆ ಹೋಲಿಸಿದರೆ ಎಷ್ಟು ದೊಡ್ಡದಾಗಿ ಕಂಡಿತು, ಬೆಳಕು ಚಂದ್ರನ ಎಷ್ಟು ಪಾಲು ಎಂಬ ಅವರ ವಿವರಗಳನ್ನು ಇಂದಿನ ಖಗೋಲ ವಿಜ್ಞಾನಿಗಳೂ ಲೆಕ್ಕಕ್ಕೆ ಹಿಡಿಯುತ್ತಾರೆ.

ನಾನು ಹೇಳಹೊರಟಿರುವ ನಕ್ಷತ್ರಕ್ಕೆ ಅಂಥ ಸಾಕ್ಷಿದಾರ ಸಿಗಲಿಲ್ಲ. ಅದರ ಹೆಸರು ಕ್ಯಾಸಿಯೋಪಿಯಾ ಎ. ಅದು ಸಿಡಿದ ಬೆಳಕು ಭೂಮಿಯನ್ನು ಮುಟ್ಟಿದ್ದು ಸುಮಾರು 1680ರ ಹೊತ್ತಿಗೆ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹೈದರಲಿ ಇನ್ನೂ ಹುಟ್ಟಿರಲಿಲ್ಲ, ಔರಂಗಜೇಬನ ಆಳ್ವಿಕೆಯ ಕಾಲ. ದಾರಿಯಲ್ಲಿ ದೂಳು ಅಡ್ಡವಾಗಿದ್ದರಿಂದಲೋ ಏನೋ, ಯಾರೂ ಖಚಿತವಾಗಿ ಗುರುತಿಸಿದ ದಾಖಲೆಯಿಲ್ಲ. 1947ರಲ್ಲಿ ರೇಡಿಯೋ ಅಲೆಗಳ ಮೂಲಕ ಅದರ ಪತ್ತೆಯಾಯಿತು. ನಮ್ಮಿಂದ ಸುಮಾರು 11,000 ಜ್ಯೋತಿರ್ವರ್ಷ ದೂರ. ಬೆಳಕೇ 11,000 ವರ್ಷ ಓಡಬೇಕು.

ಮುನ್ನೂರು ನಲವತ್ತು ವರ್ಷ ಕಳೆದರೂ ಅದರ ಚೂರುಗಳು ಆರಿಲ್ಲ. ಸೈಕಲ್ ಪಂಪನ್ನು ರಭಸವಾಗಿ ಒತ್ತಿದರೆ ಅದರ ತುದಿ ಬಿಸಿಯಾಗುತ್ತದಲ್ಲ? ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೆಕೆಂಡಿಗೆ ಸುಮಾರು 5,000 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತಿರುವ ನಕ್ಷತ್ರದ ಚೂರು ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆದಾಗ ಹೀಗೆಯೇ ಬಿಸಿ ಹುಟ್ಟುತ್ತದೆ, ಆದರೆ ಕೋಟಿಗಟ್ಟಲೆ ಡಿಗ್ರಿ. ಡಿಕ್ಕಿಯ ಪೆಟ್ಟು ಹಿಂದಿರುಗಿ ಒಳಗಿನ ಚೂರುಗಳನ್ನೂ ಕಾಯಿಸುತ್ತದೆ. ಅನಿಲ ಎಷ್ಟು ತೆಳುವೆಂದರೆ ಬೇಗ ತಣ್ಣಗಾಗಲು ಅದಕ್ಕೆ ಆಗುವುದೇ ಇಲ್ಲ.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗೆ, ಹೆಚ್ಚು ಕಾದಂತೆ ಹಳದಿ, ಬಿಳಿ. ಕೋಟಿ ಡಿಗ್ರಿಗೆ ಕಾದ ವಸ್ತು ಇನ್ನೂ ಮುಂದೆ ಹೋಗಿ ಎಕ್ಸ್‌ರೇ ಸೂಸುತ್ತದೆ. ಆಸ್ಪತ್ರೆಯಲ್ಲಿ ಮೂಳೆ ಮುರಿದಾಗ ತೆಗೆಸುವ ಅದೇ ಎಕ್ಸ್‌ರೇ, ಅದೂ ಕಣ್ಣಿಗೆ ಕಾಣದ ಒಂದು ಬೆಳಕೇ. ಆ ಬಿಸಿಯಲ್ಲಿ ಪರಮಾಣುಗಳ ಹೆಚ್ಚಿನ ಎಲೆಕ್ಟ್ರಾನುಗಳು ಕಳಚಿ ಹೋಗಿರುತ್ತವೆ. ಒಳಗಿನ ಒಂದೋ ಎರಡೋ ಉಳಿದಿರುತ್ತವೆ. ಅವು ಮೆಟ್ಟಿಲು ಇಳಿಯುವಾಗ ಬಿಡುವ ಎಕ್ಸ್‌ರೇಗೆ ಧಾತುವಿನ ಗುರುತು ಇರುತ್ತದೆ. ಭೂಮಿಯ ವಾಯುಮಂಡಲ ಇವನ್ನು ತಡೆದುಬಿಡುತ್ತದೆ. ಒಳ್ಳೆಯದೇ, ಇಲ್ಲವಾದರೆ ನಾವು ಇರುತ್ತಿರಲಿಲ್ಲ. ಆದರೆ ಅವನ್ನು ನೋಡಬೇಕೆಂದರೆ ಉಪಗ್ರಹವೇ ಬೇಕು.

ಬೆಂಗಳೂರಿಗೆ ಈ ಆಸೆ ಹಳೆಯದು. ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ರಷ್ಯಾದ ನೆಲೆಯಿಂದ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೇ ಎಕ್ಸ್‌ರೇ ಖಗೋಲದ ಉಪಕರಣ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಾಗಿ ಪ್ರಯೋಗ ನಿಂತಿತು. ಆ ಕೆಲಸದ ಮುಂದಾಳು ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಇಂದು ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರದೇ ಹೆಸರಿದೆ. 2015ರಲ್ಲಿ ಆಸ್ಟ್ರೋಸ್ಯಾಟ್ ಹಾರಿತು. 2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಎಕ್ಸ್‌ಪೋಸ್ಯಾಟ್ ಹಾರಿ 650 ಕಿಲೋಮೀಟರ್ ಎತ್ತರಕ್ಕೆ ಸೇರಿತು. ಅದರಲ್ಲಿ ಎರಡು ಉಪಕರಣ. ಒಂದು, ಪೋಲಿಕ್ಸ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಇನ್ನೊಂದು ಎಕ್ಸ್‌ಸ್ಪೆಕ್ಟ್, ಯು. ಆರ್. ರಾವ್ ಉಪಗ್ರಹ ಕೇಂದ್ರದ್ದು. ಅದರ ಕೆಲಸವೇ ರೋಹಿತ ಓದುವುದು.

ಹೊಸ ತಕ್ಕಡಿ ತಂದರೆ ಮೊದಲು ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತೇವೆ. ಎಕ್ಸ್‌ಸ್ಪೆಕ್ಟ್‌ಗೂ ಹಾಗೆಯೇ, ಎಲ್ಲರೂ ಹಿಂದೆ ನೋಡಿ ಬರೆದಿಟ್ಟಿದ್ದ ಕ್ಯಾಸಿಯೋಪಿಯಾ ಎ ಕಡೆಗೇ 2024ರ ಜನವರಿ 5ರಂದು ಮುಖ ತಿರುಗಿಸಿದರು.

ಅದು ಓದುವ ರೀತಿ ಹೀಗೆ. ಒಂದು ಎಕ್ಸ್‌ರೇ ಕಣ ಬಂದು ಸಿಲಿಕಾನ್ ಪದರಕ್ಕೆ ಬಡಿದಾಗ ಅಲ್ಲಿ ಎಲೆಕ್ಟ್ರಾನುಗಳು ಉದುರುತ್ತವೆ, ಗಳ ಹಿಡಿದು ಹುಣಸೆಮರ ಬಡಿದಂತೆ. ಪೆಟ್ಟು ಜೋರಾದಷ್ಟೂ ಉದುರುವುದು ಹೆಚ್ಚು. ನಕ್ಷತ್ರದಲ್ಲಿನ ಸಿಲಿಕಾನಿನಿಂದ ಬಂದ ಕಣವಾದರೆ ಸುಮಾರು 500 ಎಲೆಕ್ಟ್ರಾನು, ಕಬ್ಬಿಣದಿಂದ ಬಂದದ್ದಾದರೆ ಸುಮಾರು 1,800. ಉದುರಿದ್ದನ್ನು ಎಣಿಸಿದರೆ ಬಂದವರು ಯಾರೆಂದು ತಿಳಿಯುತ್ತದೆ. ಹೀಗೆ ಒಂದೊಂದೇ ಕಣವನ್ನು ಎಣಿಸಿ ಗೀಟಿದ ನಕ್ಷೆಯಲ್ಲಿ ದಿಬ್ಬಗಳೆದ್ದವು. ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯಲ್ಲಿ 1,350ರ ಹತ್ತಿರ ಮೆಗ್ನೀಸಿಯಂ, 1,860ಕ್ಕೆ ಸಿಲಿಕಾನ್, 2,460ಕ್ಕೆ ಗಂಧಕ, 3,100ಕ್ಕೆ ಆರ್ಗಾನ್, 3,900ಕ್ಕೆ ಕ್ಯಾಲ್ಸಿಯಂ. ಇವುಗಳಿಂದ ದೂರ ಆಚೆ, 6,600ರ ಸುಮಾರಿಗೆ ಒಂಟಿಯಾಗಿ ನಿಂತ ದಿಬ್ಬವೇ ಕಬ್ಬಿಣ. ಆ ತಿಂಗಳೇ ಇಸ್ರೋ ಆ ನಕ್ಷೆಯನ್ನು ಎಲ್ಲರೂ ನೋಡಲು ಬಿಡುಗಡೆ ಮಾಡಿತು.

ಗೆರೆಗಳು ಇದೆ, ಇಲ್ಲ ಎಂದಷ್ಟೇ ಹೇಳುವುದಿಲ್ಲ. ಹೆದ್ದಾರಿಯಲ್ಲಿ ನಿಂತಾಗ ಹತ್ತಿರ ಬರುವ ಲಾರಿಯ ಹಾರ್ನ್ ತೀಕ್ಷ್ಣವಾಗಿ, ದಾಟಿ ಹೋದ ಮೇಲೆ ಮಂದವಾಗಿ ಕೇಳುತ್ತದೆ. ಬೆಳಕಿನ ಗೆರೆಯೂ ಹಾಗೆಯೇ ಅತ್ತಿತ್ತ ಸರಿಯುತ್ತದೆ. ಅದರಿಂದ ಯಾವ ಚೂರು ನಮ್ಮ ಕಡೆಗೆ ಬರುತ್ತಿದೆ, ಯಾವುದು ಆಚೆಗೆ ಹೋಗುತ್ತಿದೆ, ಎಷ್ಟು ವೇಗದಲ್ಲಿ ಎಂಬುದನ್ನೂ ಅಳೆಯುತ್ತಾರೆ. 1999ರಲ್ಲಿ ಹಾರಿದ ಅಮೆರಿಕದ ಚಂದ್ರ ದೂರದರ್ಶಕ (ಲಾಹೋರಿನಲ್ಲಿ ಹುಟ್ಟಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಅದಕ್ಕೆ) ಕ್ಯಾಸಿಯೋಪಿಯಾದ ಯಾವ ಮೂಲೆಯಲ್ಲಿ ಯಾವ ಧಾತು ಇದೆಯೆಂದು ಚಿತ್ರವನ್ನೇ ತೆಗೆಯಿತು. ಆಗ ಒಂದು ಸೋಜಿಗ ಬಯಲಾಯಿತು. ಒಂದು ಭಾಗದಲ್ಲಿ ಕಬ್ಬಿಣ ಸಿಲಿಕಾನಿಗಿಂತ ಹೊರಗಿತ್ತು! ಎಲ್ಲಕ್ಕಿಂತ ಒಳಗೆ ಹುಟ್ಟಿದ್ದು ಹೊರಗೆ ಬರುವುದೆಂದರೆ, ಕುದಿಯುವ ಸಾರಿನಲ್ಲಿ ತಳದ ಬೇಳೆ ಮೇಲೆ ಬಂದಂತೆ. ನಕ್ಷತ್ರ ಬಲೂನಿನಂತೆ ಎಲ್ಲ ಕಡೆ ಸಮನಾಗಿ ಸಿಡಿಯಲಿಲ್ಲ, ಒಳಗೆ ಕದಡಿ ಉಕ್ಕಿ ಸಿಡಿಯಿತು ಎಂಬುದಕ್ಕೆ ಇದು ದೊಡ್ಡ ಆಧಾರ. ಅಲ್ಲಿ ಚದುರಿದ ಕಬ್ಬಿಣ ಎಷ್ಟು? ಚಂದ್ರ ದೂರದರ್ಶಕದ ತಂಡ 2017ರಲ್ಲಿ ಕೊಟ್ಟ ಲೆಕ್ಕದಂತೆ, ನಮ್ಮ ಭೂಮಿಯಂಥ 70,000 ಭೂಮಿಗಳ ತೂಕದಷ್ಟು. ಆಮ್ಲಜನಕವಂತೂ ಹತ್ತು ಲಕ್ಷ ಭೂಮಿಗಳಷ್ಟು. ನಿಮ್ಮ ಇಡೀ ಮೈಯಲ್ಲಿ ಇರಬೇಕಾದ ಕಬ್ಬಿಣ ಮೂರು ನಾಲ್ಕು ಗ್ರಾಂ.

2023ರ ಸೆಪ್ಟೆಂಬರಿನಲ್ಲಿ ಜಪಾನ್ ಹಾರಿಸಿದ ಕ್ರಿಸ್ಮ್ ಉಪಗ್ರಹದ ಉಪಕರಣ ಇನ್ನೂ ಸೂಕ್ಷ್ಮ. ಚಳಿಗಿಂತ ಚಳಿಯಲ್ಲಿ, ಸೊನ್ನೆಗಿಂತ 273 ಡಿಗ್ರಿ ಕೆಳಗೆ ಅದನ್ನು ಇಟ್ಟಿರುತ್ತಾರೆ. ಒಂದು ಎಕ್ಸ್‌ರೇ ಕಣ ಬಿದ್ದರೆ ಆಗುವ ಬಿಸಿಯನ್ನೇ ಅಳೆಯುತ್ತದೆ. ಅದರ ಮೂಲಕ ಇದೇ ಕ್ಯಾಸಿಯೋಪಿಯಾದಲ್ಲಿ ಕ್ಲೋರಿನ್ ಮತ್ತು ಪೊಟ್ಯಾಸಿಯಂ ಸ್ಪಷ್ಟವಾಗಿ ಸಿಕ್ಕಿದ ವರದಿ 2025ರಲ್ಲಿ ಬಂತು. ಉಪ್ಪಿನಲ್ಲಿರುವುದು ಒಂದು, ಬಾಳೆಹಣ್ಣಿನಲ್ಲಿರುವುದು ಇನ್ನೊಂದು.

ಈಗ ಯಜಮಾನರ ಪ್ರಶ್ನೆಯನ್ನು ಮತ್ತೆ ತೂಗಿ ನೋಡಿ. ಮದ್ರಸಾದಲ್ಲಿ ಹದೀಸ್ ಓದುವಾಗ ಉಸ್ತಾದರು ನಮಗೆ ತವಾತುರ್ ಎಂಬುದನ್ನು ಕಲಿಸುತ್ತಿದ್ದರು. ಒಬ್ಬರಿಗೊಬ್ಬರು ಸೇರಿ ಸುಳ್ಳು ಹೇಳಲು ಸಾಧ್ಯವಿಲ್ಲದಷ್ಟು ಜನ, ಬೇರೆ ಬೇರೆ ದಾರಿಯಿಂದ ಒಂದೇ ಸುದ್ದಿ ತಂದರೆ ಅದನ್ನು ಖಚಿತವೆಂದು ಒಪ್ಪಬೇಕು. ಅಮೆರಿಕ, ಜಪಾನ್, ಬೆಂಗಳೂರು. ಮೂರು ಕಡೆಯವರು, ಮೂರು ಬಗೆಯ ಉಪಕರಣ, ಒಂದೇ ಜಾಗದಲ್ಲಿ ಕಬ್ಬಿಣದ ಗೆರೆ. ಜೊತೆಗೆ ಭೂಮಿಯ ಪ್ರಯೋಗಾಲಯದಲ್ಲಿ ಕಾಯಿಸಿದ ಕಬ್ಬಿಣವೂ ಅದೇ ಗೆರೆ ಕೊಡುತ್ತದೆ. ಇದನ್ನು ಊಹೆ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪವಿತ್ರ ಕುರ್‌ಆನಿನ ಸೂರಃ ಅಲ್ ಹದೀದ್‌ನಲ್ಲಿ ಕಬ್ಬಿಣವನ್ನು ಇಳಿಸಿದ ಪ್ರಸ್ತಾಪವಿದೆ. ಅದನ್ನೇ ಹಿಡಿದು "ಕಬ್ಬಿಣ ನಕ್ಷತ್ರದಿಂದ ಬಂದದ್ದೆಂದು ಅಲ್ಲೇ ಹೇಳಿದೆ" ಎನ್ನುವ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಅದೇ ಕ್ರಿಯಾಪದವನ್ನು ಸೂರಃ ಝುಮರ್‌ನಲ್ಲಿ ಜಾನುವಾರುಗಳಿಗೂ, ಸೂರಃ ಅಅ್‌ರಾಫ್‌ನಲ್ಲಿ ಉಡುಪಿಗೂ ಬಳಸಲಾಗಿದೆ. ಕುರಿ ಒಂಟೆಗಳು ನಕ್ಷತ್ರದಿಂದ ಬಿದ್ದವೆಂದು ಯಾರೂ ಅರ್ಥ ಮಾಡುವುದಿಲ್ಲ. ಅನುಗ್ರಹವಾಗಿ ಕೊಡಲ್ಪಟ್ಟಿತು ಎಂಬುದು ಅಲ್ಲಿ ಹೊಂದುವ ಅರ್ಥ. ಹೆಣ್ಣುಮಗಳು ಕಾಲೇಜಿನಲ್ಲಿ ಈ ವಾದ ಹೂಡಿ, ಅರಬಿ ಬಲ್ಲ ಯಾರಾದರೂ ಎದುರು ನಿಂತರೆ ಮುಜುಗರ ಅವಳಿಗೇ. ಕಬ್ಬಿಣದ ಸಾಕ್ಷಿ ಬೇಕಿದ್ದರೆ ರೋಹಿತ ಇದೆ.

ಕೋಲಾರ ಜಿಲ್ಲೆಯವರಿಗೆ ಈ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂದಿರುತ್ತದೆ: ಚಿನ್ನ? ಚಿನ್ನದ ಕಥೆಯೇ ಬೇರೆ. ಕ್ಯಾಸಿಯೋಪಿಯಾದ ನಕ್ಷೆಯಲ್ಲಿ ಅದರ ದಿಬ್ಬವಿಲ್ಲ. ಸತ್ತ ನಕ್ಷತ್ರಗಳ ಎರಡು ಗಟ್ಟಿ ಗುಂಡುಗಳು ಒಂದಕ್ಕೊಂದು ಡಿಕ್ಕಿಯಾದಾಗ ಚಿನ್ನದಂಥ ಭಾರದ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ 2017ರ ಆಗಸ್ಟ್ 17ರಂದು ಕಂಡ ಒಂದು ಡಿಕ್ಕಿ ಬಲವಾದ ಆಧಾರ ಕೊಟ್ಟಿತು. 2001ರಲ್ಲಿ ಮುಚ್ಚಿದ ನಮ್ಮ ಕೆ.ಜಿ.ಎಫ್. ಗಣಿಗೆ ಸೂಪರ್‌ನೋವಾ ಜೊತೆ ಮತ್ತೊಂದು ನಂಟಿದೆ. ನಕ್ಷತ್ರ ಕುಸಿಯುವಾಗ ಹೊರಬೀಳುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನ್ಯೂಟ್ರಿನೋ ಎಂಬ ಕಣಗಳು ಹೊತ್ತೊಯ್ಯುತ್ತವೆ. ಭೂಮಿಯನ್ನೇ ತೂರಿಹೋಗುವ ಈ ಕಣಗಳಲ್ಲಿ ನಮ್ಮ ವಾಯುಮಂಡಲದಲ್ಲಿ ಹುಟ್ಟುವಂಥವನ್ನು 1965ರಲ್ಲಿ ಮೊತ್ತಮೊದಲು ಹಿಡಿದ ಜಾಗಗಳಲ್ಲಿ ಕೆ.ಜಿ.ಎಫ್.ನ ಆಳದ ಸುರಂಗವೂ ಒಂದು. ಚಿನ್ನಕ್ಕೆಂದು ಅಗೆದ ಗುಂಡಿ ಅದಕ್ಕೂ ಆಯಿತು.

ಇನ್ನು "ಮುಳಬಾಗಿಲಿಗೆ ಯಾಕೆ ಕಳಿಸಬೇಕು" ಎಂಬ ಮಾತು. ಬಸ್ಸಿನ ಚಿಂತೆ, ಸಂಜೆ ತಡವಾಗುವ ಚಿಂತೆ ನನಗೂ ಗೊತ್ತು, ಅದನ್ನು ಹಗುರವಾಗಿ ಕಾಣುವವನಲ್ಲ. ಮೂರು ನಾಲ್ಕು ಮನೆಯವರು ಸೇರಿ ಮಕ್ಕಳನ್ನು ಒಟ್ಟಿಗೆ ಕಳಿಸಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಆದರೆ ಓದಿ ಏನು ಮಾಡುತ್ತಾಳೆ ಎಂದು ಕೇಳುವವರಿಗೆ ಎರಡು ಸಂಗತಿ ಹೇಳಿ. ಸೂರ್ಯನನ್ನು ನೋಡಲು 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ಯೋಜನೆಯ ನಿರ್ದೇಶಕಿಯಾಗಿದ್ದವರು ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ಕೃಷಿಕರ ಮಗಳು. ಊರಿನಲ್ಲೇ ಶಾಲೆ ಓದಿ, ತಿರುನೆಲ್ವೇಲಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಹೋದವರು, 1987ರಲ್ಲಿ ಇಸ್ರೋ ಸೇರಿದವರು. ಆ ನೌಕೆಯಲ್ಲೂ ಸೂರ್ಯನ ಎಕ್ಸ್‌ರೇ ರೋಹಿತ ಓದುವ ಎರಡು ಉಪಕರಣಗಳಿವೆ, ಬೆಂಗಳೂರಿನ ಅದೇ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಎಕ್ಸ್‌ಸ್ಪೆಕ್ಟ್ ಕ್ಯಾಸಿಯೋಪಿಯಾದತ್ತ ತಿರುಗಿದ ಮರುದಿನ, 2024ರ ಜನವರಿ 6ರಂದು ಆದಿತ್ಯ ತನ್ನ ಜಾಗ ಸೇರಿತು. ಎರಡನೆಯದು, ಎಕ್ಸ್‌ಪೋಸ್ಯಾಟ್ ಹೊತ್ತ ಅದೇ ರಾಕೆಟ್ಟಿನಲ್ಲಿ ತಿರುವನಂತಪುರದ ಹೆಣ್ಣುಮಕ್ಕಳ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿನಿಯರು ತಯಾರಿಸಿದ ಪುಟ್ಟ ಉಪಕರಣವೂ ಇತ್ತು. ವೀಸ್ಯಾಟ್ ಎಂದು ಅದರ ಹೆಸರು.

ಕ್ಯಾಸಿಯೋಪಿಯಾ ಎಂಬ ಹೆಸರು ನಾಲಿಗೆಗೆ ಕಷ್ಟವೆನಿಸಿದರೆ ನಮ್ಮಲ್ಲೇ ಬೇರೆ ಹೆಸರುಗಳಿವೆ. ಕನ್ನಡದ ಖಗೋಲ ಪುಸ್ತಕಗಳಲ್ಲಿ ಆ ತಾರೆಗಳ ಗುಂಪಿಗೆ ಕುಂತಿ ಎನ್ನುತ್ತಾರೆ. ಹಳೆಯ ಅರಬರು ಅದನ್ನು ಅಲ್ ಕಫ್ಫುಲ್ ಖದೀಬ್ ಎಂದರು, ಮೆಹಂದಿ ಹಚ್ಚಿದ ಅಂಗೈ. ಯಾರ ಅಂಗೈ? ಸುರಯ್ಯಾಳದ್ದು. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇಡುವ ಆ ಹೆಸರು ಕೃತ್ತಿಕಾ ನಕ್ಷತ್ರಗಳದು. ಅಲ್ಲಿಂದ ಚಾಚಿದ ಉದ್ದ ತೋಳಿನ ತುದಿಯಲ್ಲಿದೆ ಈ ಕೈ. ಗುಂಪಿನ ಒಂದು ನಕ್ಷತ್ರವನ್ನು ಇಂಗ್ಲಿಷಿನವರು ಇಂದಿಗೂ ಕಾಫ್ ಎಂದೇ ಕರೆಯುತ್ತಾರೆ.

ನವೆಂಬರ್ ಕೊನೆಯ ವಾರ ಮೋಡವಿಲ್ಲದ ಒಂದು ರಾತ್ರಿ, ಒಂಬತ್ತು ಗಂಟೆಯ ಹೊತ್ತಿಗೆ ತಾರಸಿ ಹತ್ತಿ ಉತ್ತರಕ್ಕೆ ಮುಖಮಾಡಿ ನಿಲ್ಲಿ. ದಿಗಂತಕ್ಕೂ ನೆತ್ತಿಗೂ ನಡುವೆ, ಐದು ನಕ್ಷತ್ರಗಳು ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುತ್ತವೆ. ಅದರ ಎಡಗಡೆ, ಪಶ್ಚಿಮದ ತುದಿಯ ನಕ್ಷತ್ರವೇ ಕಾಫ್. ಕಾಫ್‌ನಿಂದ ಇನ್ನೂ ಸ್ವಲ್ಪ ಎಡಕ್ಕೆ, ಬರಿಗಣ್ಣಿಗೆ ಏನೂ ಕಾಣದ ಕತ್ತಲೆ ಜಾಗದಲ್ಲಿ ಆ ಕಬ್ಬಿಣ ಚದುರುತ್ತಿದೆ. ಮಗಳಿಗೂ, ಅವಳ ಅಬ್ಬಾರಿಗೂ ಆ ಜಾಗ ತೋರಿಸಿ.